ಒಂದೇ ಕ್ಲಿಕ್ಕಿಗೆ ಎರಡು ಫ್ರೇಮ್ ಬದಲಾಗುತ್ತಿಲ್ಲವೇ? ಲಕ್ಷಣ ಹಿಡಿದು ದೋಷ ಹುಡುಕುವ ಕೈಪಿಡಿ

ಎಡಕ್ಕೆ ಮೆನು, ಮೇಲೆ ಶೀರ್ಷಿಕೆಯ ಪಟ್ಟಿ, ನಡುವೆ ವಿಷಯ. ಮೆನುವಿನ ಒಂದು ಲಿಂಕ್ ಒತ್ತಿದರೆ ನಡುವಿನ ಪುಟವೂ ಬದಲಾಗಬೇಕು, ಮೇಲಿನ ಶೀರ್ಷಿಕೆಯೂ ಬದಲಾಗಬೇಕು. ಹೇಳುವಾಗ ಇಷ್ಟೇ. ಮಾಡಲು ಕೂತರೆ ಒಂದು ಬದಲಾದರೆ ಇನ್ನೊಂದು ಮುಷ್ಕರ ಹೂಡುತ್ತದೆ, ಇಲ್ಲವೇ ಎರಡನ್ನೂ ನುಂಗಿ ಇಡೀ ಕಿಟಕಿಯೇ ಬೇರೆ ಪುಟವಾಗುತ್ತದೆ.

ಕಿಟಕಿಯನ್ನು ಭಾಗ ಮಾಡಿ ಪ್ರತಿ ಭಾಗದಲ್ಲೂ ಬೇರೆ ಬೇರೆ ಪುಟ ತೋರಿಸುವ ಚೌಕಗಳೇ ಫ್ರೇಮ್‌ಗಳು. ಅವು ಹಳೆಯ ಸರಕು. 1996ರ ನೆಟ್‌ಸ್ಕೇಪ್ ನ್ಯಾವಿಗೇಟರ್ 2.0 ಜೊತೆ ಬಂದವು, 1997ರ ಎಚ್‌ಟಿಎಂಎಲ್ 4.0ರಲ್ಲಿ ಅಧಿಕೃತವಾದವು, 2014ರಲ್ಲಿ ಎಚ್‌ಟಿಎಂಎಲ್5 ಅಂತಿಮವಾದಾಗ ಫ್ರೇಮ್‌ಸೆಟ್‌ಗೆ (ಇಡೀ ಕಿಟಕಿಯನ್ನು ಫ್ರೇಮ್‌ಗಳಾಗಿ ಹಂಚುವ ಟ್ಯಾಗ್) ‘ಇನ್ನು ಬಳಸಬೇಡಿ’ ಎಂಬ ಮುದ್ರೆ ಬಿತ್ತು. ಆದರೂ ಬ್ರೌಸರ್‌ಗಳು ಅದನ್ನು ಇಂದಿಗೂ ತೋರಿಸುತ್ತವೆ. ಸಾಮಾನ್ಯ ಪುಟದ ನಡುವೆಯೇ ಕೂರಿಸುವ ಐಫ್ರೇಮ್ ಅಂತೂ ಪೂರ್ತಿ ಚಾಲ್ತಿಯಲ್ಲಿದೆ. ಇಲ್ಲಿ ಹೇಳುವುದು ಬಹುಪಾಲು ಎರಡಕ್ಕೂ ಅನ್ವಯ. ಕೋಡಿನ ಪದಗಳನ್ನು ಉಚ್ಚಾರದಂತೆ ಬರೆದಿದ್ದೇನೆ. ಫೈಲಿನಲ್ಲಿ ಅವು ಇಂಗ್ಲಿಷ್ ಅಕ್ಷರದಲ್ಲೇ ಇರಬೇಕು.

ಕೈ ಹಾಕುವ ಮೊದಲು

ಜನ ಬಳಸುತ್ತಿರುವ ಪುಟದ ಮೇಲೆ ಪ್ರಯೋಗ ಬೇಡ. ಫೈಲುಗಳ ಪ್ರತಿ ಮಾಡಿಟ್ಟು ಪ್ರತಿಯ ಮೇಲೆ ಕೆಲಸ ಮಾಡಿ. ಯಾವುದಾದರೂ ಫ್ರೇಮಿನಲ್ಲಿ ಅರ್ಧ ತುಂಬಿದ ಅರ್ಜಿಯಿದ್ದರೆ, ಅದನ್ನು ಬದಲಿಸಿದ ಕ್ಷಣ ಬರೆದದ್ದೆಲ್ಲ ಹೋಗುತ್ತದೆ. ಫಾರ್ಮ್ ಕಳಿಸಿದ ಮೇಲೆ ಬಂದ ಪುಟ, ಅದರಲ್ಲೂ ಹಣ ಪಾವತಿಯ ಪುಟ, ಫ್ರೇಮಿನಲ್ಲಿದ್ದರೆ ಅದನ್ನು ರೀಲೋಡ್ ಮಾಡಿ ಪರೀಕ್ಷಿಸಲೇಬೇಡಿ. ಅದೇ ಫಾರ್ಮ್ ಎರಡನೇ ಸಲ ಸರ್ವರಿಗೆ ಹೋಗಬಹುದು. ‘ಮತ್ತೆ ಕಳಿಸಬೇಕೇ’ ಎಂದು ಬ್ರೌಸರ್ ಕೇಳಿದರೆ ರದ್ದು ಒತ್ತಿ.

ಬೇಕಾದ ಉಪಕರಣ ಒಂದೇ: ಎಫ್12 ಒತ್ತಿದರೆ ತೆರೆಯುವ ಡೆವಲಪರ್ ಟೂಲ್ಸ್. ಅದರ ಕನ್ಸೋಲ್‌ನಲ್ಲಿ ಕೆಂಪು ಸಾಲು ಬಂದಿದ್ದರೆ ಮೊದಲು ಅದನ್ನು ಓದಿ. ಕ್ರೋಮ್‌ನ ಕನ್ಸೋಲಿನ ಮೇಲ್ಭಾಗದಲ್ಲಿ ‘ಟಾಪ್’ ಎಂದು ಬರೆದ ಸಣ್ಣ ಆಯ್ಕೆಪಟ್ಟಿ ಇದೆ. ಅದನ್ನು ಬಿಚ್ಚಿದರೆ ಪುಟದಲ್ಲಿರುವ ಫ್ರೇಮ್‌ಗಳು ಒಂದರಡಿ ಒಂದು ಕಾಣುತ್ತವೆ. ಒಂದೊಂದನ್ನೇ ಆರಿಸಿ ವಿಂಡೋ.ನೇಮ್ ಎಂದು ಟೈಪಿಸಿ ಎಂಟರ್ ಒತ್ತಿ. ಬ್ರೌಸರ್‌ಗೆ ಆ ಫ್ರೇಮ್ ಯಾವ ಹೆಸರಿನಿಂದ ಗೊತ್ತೋ ಅದು ಅಲ್ಲೇ ಬರುತ್ತದೆ. ಖಾಲಿ ಉದ್ಧರಣ ಚಿಹ್ನೆ ಬಂದರೆ ಆ ಫ್ರೇಮಿಗೆ ಹೆಸರೇ ಇಲ್ಲ. ನನ್ನ ಅನುಭವದಲ್ಲಿ ಅರ್ಧಕ್ಕರ್ಧ ದೂರುಗಳು ಇಷ್ಟರಲ್ಲೇ ಬಗೆಹರಿಯುತ್ತವೆ.

ಲಕ್ಷಣ: ಕ್ಲಿಕ್ ಮಾಡಿದರೆ ಹೊಸ ಟ್ಯಾಬ್ ತೆರೆಯುತ್ತದೆ

ಲಿಂಕಿನ ಟಾರ್ಗೆಟ್‌ನಲ್ಲಿ (ಪುಟ ಯಾವ ಫ್ರೇಮಿನಲ್ಲಿ ತೆರೆಯಬೇಕೆಂದು ಹೇಳುವ ಜಾಗ) ಬರೆದ ಹೆಸರಿನ ಫ್ರೇಮ್ ಬ್ರೌಸರ್‌ಗೆ ಸಿಗಲಿಲ್ಲ. ಸಿಗದಿದ್ದರೆ ಅದು ತಪ್ಪು ಎಂದು ಕೂಗುವುದಿಲ್ಲ, ಆ ಹೆಸರಿನಲ್ಲಿ ಹೊಸ ಟ್ಯಾಬ್ ತೆರೆದು ಸುಮ್ಮನಾಗುತ್ತದೆ. ಖಚಿತ ಮಾಡಿಕೊಳ್ಳಲು ಅದೇ ಲಿಂಕನ್ನು ಮತ್ತೊಮ್ಮೆ ಒತ್ತಿ. ಎರಡನೇ ಸಲ ಇನ್ನೊಂದು ಟ್ಯಾಬ್ ಹುಟ್ಟದೆ ಮೊದಲಿನದೇ ಮತ್ತೆ ತುಂಬಿಕೊಂಡರೆ ಹೆಸರು ತಪ್ಪಿದೆ ಎಂದೇ ಅರ್ಥ, ಏಕೆಂದರೆ ಈಗ ಆ ಹೆಸರು ಆ ಟ್ಯಾಬಿನದಾಗಿದೆ. ಪ್ರತಿ ಸಲವೂ ಹೊಸ ಟ್ಯಾಬ್ ಬಂದರೆ ಯಾರೋ “_ಬ್ಲ್ಯಾಂಕ್” ಎಂದು ಬರೆದಿಟ್ಟಿದ್ದಾರೆ. ಲಿಂಕಿನಲ್ಲಿ ಇಲ್ಲದಿದ್ದರೆ ಪುಟದ ತಲೆಯಲ್ಲಿರುವ ಬೇಸ್ ಟ್ಯಾಗನ್ನು ನೋಡಿ. ಅಲ್ಲಿ ಬರೆದ ಟಾರ್ಗೆಟ್, ತನ್ನದೇ ಟಾರ್ಗೆಟ್ ಇಲ್ಲದ ಎಲ್ಲ ಲಿಂಕಿಗೂ ಅಂಟಿಕೊಳ್ಳುತ್ತದೆ.

ಹೆಸರು ತಪ್ಪುವ ದಾರಿಗಳು ಮೂರು. ದೊಡ್ಡಕ್ಷರ, ಸಣ್ಣಕ್ಷರ ಬೆರಕೆಯಾಗಿರುತ್ತದೆ. ಫ್ರೇಮಿನ ಹೆಸರಿನಲ್ಲಿ ಅವೆರಡೂ ಬೇರೆ ಬೇರೆ. ಅಥವಾ ಫ್ರೇಮಿಗೆ ಐಡಿ ಮಾತ್ರ ಇದ್ದು ನೇಮ್ ಇರುವುದಿಲ್ಲ. ಟಾರ್ಗೆಟ್ ನೋಡುವುದು ನೇಮ್ ಅನ್ನೇ ಹೊರತು ಐಡಿಯನ್ನಲ್ಲ. ಅಥವಾ ಒಂದೇ ಏಟಿಗೆ ಎರಡು ಹಕ್ಕಿ ಎಂದು ಟಾರ್ಗೆಟ್‌ನಲ್ಲಿ ಎರಡು ಹೆಸರನ್ನು ಅಲ್ಪವಿರಾಮ ಹಾಕಿ ಬರೆದಿರುತ್ತಾರೆ. ಬ್ರೌಸರ್‌ಗೆ ಅದು ಅಲ್ಪವಿರಾಮ ಸಮೇತ ಒಂದೇ ಉದ್ದ ಹೆಸರು.

ಲಕ್ಷಣ: ಒಂದು ಫ್ರೇಮ್ ಬದಲಾಗುತ್ತದೆ, ಇನ್ನೊಂದು ಕದಲುವುದೇ ಇಲ್ಲ

ಒಂದು ಲಿಂಕಿಗೆ ಒಂದೇ ಗುರಿ. ಒಂದೇ ಟ್ಯಾಗಿನಲ್ಲಿ ಎರಡು ಟಾರ್ಗೆಟ್ ಬರೆದರೆ ಬ್ರೌಸರ್ ಮೊದಲನೆಯದನ್ನು ಇಟ್ಟುಕೊಂಡು ಎರಡನೆಯದನ್ನು ಬಿಸಾಡುತ್ತದೆ. ಆದ್ದರಿಂದ ಇಲ್ಲಿ ಕೆಟ್ಟಿರುವುದು ಏನೂ ಇಲ್ಲ, ಕೇಳಿದ್ದೇ ಸಾಲದು.

ಸ್ಕ್ರಿಪ್ಟ್ ಇಲ್ಲದೆ ಮಾಡುವ ಉಪಾಯ ಫ್ರೇಮ್‌ಸೆಟ್ ಕಾಲದ್ದು: ಒಟ್ಟಿಗೆ ಬದಲಾಗಬೇಕಾದ ಎರಡೂ ಫ್ರೇಮ್‌ಗಳನ್ನು ಒಂದು ಒಳ ಫ್ರೇಮ್‌ಸೆಟ್‌ನಲ್ಲಿಟ್ಟು, ಹೊರಗಿನ ಒಂದೇ ಫ್ರೇಮಿನೊಳಗೆ ಆ ಫ್ರೇಮ್‌ಸೆಟ್ ಪುಟವನ್ನು ತರುವುದು. ಗುರಿ ಒಂದೇ, ಬದಲಾಗುವುದು ಎರಡು. ಐಫ್ರೇಮ್‌ನಲ್ಲೂ ಇದೇ ನಡೆಯುತ್ತದೆ. ಪ್ರತಿ ಜೋಡಿಗೂ ಒಂದೊಂದು ಹೊದಿಕೆ ಪುಟ ಬರೆಯಬೇಕಾಗುತ್ತದೆ, ಅದೊಂದು ಬೇಸರ. ಹತ್ತು ಹದಿನೈದು ಪುಟಗಳ ತಾಣಕ್ಕೆ ನಾನು ಇದನ್ನೇ ಹೇಳುತ್ತೇನೆ. ಕೆಡಲು ಇದರಲ್ಲಿ ಏನೂ ಇಲ್ಲ.

ಸ್ಕ್ರಿಪ್ಟ್ ಬಳಸುವುದಾದರೆ ಎರಡೂ ಫ್ರೇಮ್‌ಗಳ ಲೊಕೇಶನ್ (ಅಂದರೆ ಪುಟದ ವಿಳಾಸ) ಬದಲಿಸುವ ಫಂಕ್ಷನ್ ಹೊರಗಿನ ಮುಖಪುಟದಲ್ಲಿರಲಿ, ಮೆನು ಅದನ್ನು ಕರೆಯಲಿ. ತಾನೇ ಬದಲಾಗಿಹೋಗುವ ಫ್ರೇಮಿನೊಳಗೆ ಅದನ್ನಿಟ್ಟರೆ ನಡುವೆ ಟೈಮರ್ ಏನಾದರೂ ಇದ್ದ ಪಕ್ಷದಲ್ಲಿ, ಎರಡನೇ ಆದೇಶ ಹೊರಡುವ ಮೊದಲೇ ಆ ಪುಟ ಮಾಯ.

ಇನ್ನೂ ಒಂದು ಮಾತು. ಆನ್‌ಕ್ಲಿಕ್ (ಲಿಂಕ್ ಒತ್ತಿದಾಗ ಓಡುವ ಕೋಡ್) ಕೊನೆಗೆ ರಿಟರ್ನ್ ಫಾಲ್ಸ್ ಮರೆತರೆ ಲಿಂಕ್ ತನ್ನ ಸ್ವಂತ ಕೆಲಸವನ್ನೂ ಮಾಡುತ್ತದೆ, ಟಾರ್ಗೆಟ್ ಇಲ್ಲದಿದ್ದರೆ ಮೆನುವಿನ ಜಾಗದಲ್ಲೇ ಹೊಸ ಪುಟ ಕೂರುತ್ತದೆ. ಈ ಮರೆವನ್ನೇ ಲಾಭ ಮಾಡಿಕೊಳ್ಳಬಹುದು. ನಡುವಿನ ಫ್ರೇಮನ್ನು ಲಿಂಕಿನ ಸಹಜ ಟಾರ್ಗೆಟ್‌ಗೆ ಬಿಡಿ, ಶೀರ್ಷಿಕೆಯನ್ನು ಮಾತ್ರ ಆನ್‌ಕ್ಲಿಕ್‌ನಿಂದ ಬದಲಿಸಿ, ಫಾಲ್ಸ್ ಹಾಕಬೇಡಿ. ಸ್ಕ್ರಿಪ್ಟ್ ಎಲ್ಲೋ ಎಡವಿದರೂ ಓದುಗನಿಗೆ ಬೇಕಾದ ವಿಷಯವಾದರೂ ಬರುತ್ತದೆ.

ಎರಡನೇ ಫ್ರೇಮಿನಲ್ಲಿ ‘404’ ಬಂದರೆ ಫ್ರೇಮ್ ಸರಿಯಿದೆ, ವಿಳಾಸ ತಪ್ಪಿದೆ. ಲೊಕೇಶನ್‌ಗೆ ಕೊಟ್ಟ ಅರೆ ವಿಳಾಸವನ್ನು ಬ್ರೌಸರ್ ಲೆಕ್ಕ ಹಾಕುವುದು ಬದಲಾಗುವ ಫ್ರೇಮಿನ ಫೋಲ್ಡರಿನಿಂದಲ್ಲ, ಯಾವ ಪುಟದಲ್ಲಿ ಕ್ಲಿಕ್ ಆಯಿತೋ ಆ ಪುಟದ ಫೋಲ್ಡರಿನಿಂದ. ಸ್ಲ್ಯಾಶ್‌ನಿಂದ ಶುರುವಾಗುವ ಪೂರ್ಣ ಹಾದಿ ಬರೆದುಬಿಟ್ಟರೆ ಗೊಂದಲವಿಲ್ಲ.

ಲಕ್ಷಣ: ಇಡೀ ಪುಟ ಹಾರಿಹೋಗಿ ಒಂದೇ ಪುಟ ಕಿಟಕಿ ತುಂಬಿತು, ಅಥವಾ ಏನೂ ಆಗಲೇ ಇಲ್ಲ, ಕೆಂಪು ಸಾಲೂ ಇಲ್ಲ

ಇವೆರಡೂ ಬೇರೆ ಬೇರೆ ಕಾಯಿಲೆಯಂತೆ ಕಂಡರೂ ಬೇರು ಒಂದೇ. ಇದರಲ್ಲಿ ನಾನು ಎರಡು ಪೂರ್ತಿ ದಿನ ಕಳೆದಿದ್ದೇನೆ, ಅದಕ್ಕೇ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಯಾರೋ ಕಟ್ಟಿದ್ದ ಹಳೆಯ ಪುಟವೊಂದು ನನ್ನ ಪಾಲಿಗೆ ಬಂದಿತ್ತು. ಮೂರು ಫ್ರೇಮ್: “ಟಾಪ್”, “ಮೇನ್”, “ಸ್ಟೇಟಸ್”. ಹೆಸರುಗಳಲ್ಲಿ ತಪ್ಪೇನೂ ಕಾಣುವುದಿಲ್ಲ, ಮೇಲಿರುವುದು ಟಾಪ್, ಕೆಳಗೆ ಸ್ಥಿತಿ ತೋರಿಸುವುದು ಸ್ಟೇಟಸ್. ಲಿಂಕಿನಲ್ಲಿ ಟಾರ್ಗೆಟ್ “ಟಾಪ್” ಎಂದಿದ್ದಾಗ ಎಲ್ಲ ಸರಿಯಾಗಿತ್ತು. ಅದೇ ಕೆಲಸಕ್ಕೆ ನಾನು ಪೇರೆಂಟ್.ಟಾಪ್.ಲೊಕೇಶನ್ ಎಂದು ಸ್ಕ್ರಿಪ್ಟ್ ಬರೆದೆ. ಇಡೀ ಕಿಟಕಿಯೇ ಶೀರ್ಷಿಕೆಯ ಪುಟವಾಯಿತು. ಸರಿ, ಅದನ್ನು ಬದಿಗಿಟ್ಟು ಕೆಳಗಿನದನ್ನಾದರೂ ಬದಲಿಸೋಣ ಎಂದು ಪೇರೆಂಟ್.ಸ್ಟೇಟಸ್.ಲೊಕೇಶನ್ ಎಂದು ಬರೆದೆ. ಏನೂ ಆಗಲಿಲ್ಲ. ಕನ್ಸೋಲ್ ಸ್ವಚ್ಛ. ಬ್ರೌಸರ್ ಬದಲಿಸಿದೆ, ಕ್ಯಾಶ್ (ಬ್ರೌಸರ್ ಕೂಡಿಟ್ಟ ಹಳೆಯ ಪ್ರತಿಗಳು) ತೆಗೆದೆ, ಕಂಪ್ಯೂಟರನ್ನೇ ಬದಲಿಸಿದೆ.

ಕಾರಣ ಇದು. ಪ್ರತಿ ಕಿಟಕಿಗೂ ಹುಟ್ಟಿನಿಂದಲೇ ಕೆಲವು ಹೆಸರುಗಳಿವೆ: ಟಾಪ್, ಪೇರೆಂಟ್, ಸೆಲ್ಫ್, ನೇಮ್, ಸ್ಟೇಟಸ್, ಹಿಸ್ಟರಿ, ಲೊಕೇಶನ್. ಫ್ರೇಮಿಗೆ ನೀವು ಇದೇ ಹೆಸರಿಟ್ಟರೆ ಸ್ಕ್ರಿಪ್ಟಿಗೆ ಸಿಗುವುದು ಕಿಟಕಿಯ ಸ್ವಂತದ್ದೇ, ನಿಮ್ಮ ಫ್ರೇಮ್ ಅಲ್ಲ. ಟಾಪ್ ಎಂದರೆ ಅತಿ ಹೊರಗಿನ ಕಿಟಕಿ, ಹಾಗಾಗಿ ಪುಟ ಹಾರಿತು. ಸ್ಟೇಟಸ್ ಎಂದರೆ ಬರಿಯ ಅಕ್ಷರಮಾಲೆ. ಅದಕ್ಕೆ ಲೊಕೇಶನ್ ಹಚ್ಚಿದರೆ ಜಾವಾಸ್ಕ್ರಿಪ್ಟ್ ಗೊಣಗದೆ ಮರೆತುಬಿಡುತ್ತದೆ. ಫ್ರೇಮ್ಸ್["ಟಾಪ್"] ಎಂದು ಚೌಕ ಆವರಣದಲ್ಲಿ ಬರೆದರೂ ಅದೇ ಫಲ, ಏಕೆಂದರೆ ಫ್ರೇಮ್ಸ್ ಎಂಬುದು ಆ ಕಿಟಕಿಯ ಇನ್ನೊಂದು ಹೆಸರಷ್ಟೇ. ಮದ್ದು: ಹೆಸರು ಬದಲಿಸಿ. “ಮೇಲ್‌ಪಟ್ಟಿ”, “ಕೆಳಪಟ್ಟಿ” ಎಂದೋ ಏನೋ ಇಡಿ, ಕಿಟಕಿಗೆ ಗೊತ್ತಿಲ್ಲದ ಹೆಸರಾದರೆ ಸಾಕು.

ಹೆಸರಿನ ಬದಲು ಫ್ರೇಮ್ಸ್[0], ಫ್ರೇಮ್ಸ್[1] ಎಂದು ಸಂಖ್ಯೆ ಬಳಸಿದ್ದರೆ, ನಾಳೆ ಯಾರಾದರೂ ಮೇಲೆ ಒಂದು ವಿಡಿಯೋ ಐಫ್ರೇಮ್ ಸೇರಿಸಿದ ದಿನ ಎಲ್ಲ ಒಂದೊಂದು ಮನೆ ಮುಂದಕ್ಕೆ ಜರುಗುತ್ತದೆ.

ಕೆಂಪು ಸಾಲು ‘ಅನ್‌ಡಿಫೈನ್ಡ್’ ಎಂದು ದೂರಿದರೆ ಮಟ್ಟ ಎಣಿಸಿ. ಪೇರೆಂಟ್ ಹೋಗುವುದು ಒಂದೇ ಮೆಟ್ಟಿಲು. ಫ್ರೇಮ್ ಇನ್ನೊಂದರೊಳಗೆ ಕೂತಿದ್ದರೆ ಎರಡು ಮೆಟ್ಟಿಲು ಬೇಕಾಗುತ್ತದೆ. ಫ್ರೇಮಿನೊಳಗಿನ ಪುಟವನ್ನು ಯಾರಾದರೂ ನೇರ ವಿಳಾಸದಿಂದ ತೆರೆದಿದ್ದರೆ ಅದಕ್ಕೆ ಹೊರಗಿನವರೇ ಇಲ್ಲ, ಪೇರೆಂಟ್ ಎಂದರೆ ಅದೇ.

ಲಕ್ಷಣ: ಫ್ರೇಮಿನೊಳಗೆ ಪುಟದ ಬದಲು ಫೈಲಿನ ಹೆಸರು ಅಕ್ಷರವಾಗಿ ಕಾಣುತ್ತದೆ

ಲಿಂಕಿನ ವಿಳಾಸದಲ್ಲೇ ‘ಜಾವಾಸ್ಕ್ರಿಪ್ಟ್:’ ಎಂದು ಕೋಡ್ ಬರೆದಿದ್ದೀರಿ. ಆ ಕೋಡಿನ ಕೊನೆಯ ಬೆಲೆ ಅಕ್ಷರಮಾಲೆಯಾಗಿದ್ದರೆ ಬ್ರೌಸರ್ ಅದನ್ನೇ ಹೊಸ ಪುಟವೆಂದು ಬರೆದುಬಿಡುತ್ತದೆ. ಕೋಡನ್ನು ಆನ್‌ಕ್ಲಿಕ್‌ಗೆ ಸಾಗಿಸಿ. ಆಗದಿದ್ದರೆ ಕೊನೆಗೆ ವಾಯ್ಡ್ 0 ಸೇರಿಸಿ.

ಲಕ್ಷಣ: ಎರಡೂ ಮಿನುಗಿದವು, ಆದರೆ ಹಳೆಯದೇ ಕಾಣುತ್ತಿದೆ

ಮೊದಲು ಅಗ್ಗದ ಪರೀಕ್ಷೆ. ಡೆವಲಪರ್ ಟೂಲ್ಸ್‌ನ ನೆಟ್‌ವರ್ಕ್ ಟ್ಯಾಬಿನಲ್ಲಿ ಕ್ಯಾಶ್ ನಿಲ್ಲಿಸುವ ಚೌಕಕ್ಕೆ ಗುರುತು ಹಾಕಿ, ಟೂಲ್ಸ್ ತೆರೆದೇ ಇಟ್ಟು ಮತ್ತೆ ಒತ್ತಿ. ಹೊಸದು ಬಂದರೆ ದೋಷ ಕ್ಯಾಶಿನದು. ಸರ್ವರಿನಿಂದ ಆ ಪುಟಕ್ಕೆ ‘ಕ್ಯಾಶ್-ಕಂಟ್ರೋಲ್: ನೋ-ಕ್ಯಾಶ್’ ಹೆಡರ್ (ಪುಟದ ಜೊತೆ ಸರ್ವರ್ ಕಳಿಸುವ ಸೂಚನೆಯ ಸಾಲು) ಕಳಿಸಿ. ವಿಳಾಸದ ಕೊನೆಗೆ ಪ್ರಶ್ನಾರ್ಥಕ ಹಾಕಿ ಸಮಯ ಅಂಟಿಸುವುದು ಪರೀಕ್ಷೆಗೆ ಒಳ್ಳೆಯದು, ಶಾಶ್ವತ ಪರಿಹಾರವಾಗಿ ನನಗೆ ಹಿಡಿಸುವುದಿಲ್ಲ.

ನೆಟ್‌ವರ್ಕ್ ಟ್ಯಾಬಿನಲ್ಲಿ ಆ ಫ್ರೇಮಿನ ಕೋರಿಕೆಯೇ ಕಾಣದಿದ್ದರೆ ವಿಳಾಸ ನೋಡಿ. ಹ್ಯಾಶ್ ಗುರುತಿನ ನಂತರದ ಭಾಗ ಮಾತ್ರ ಬೇರೆಯಿದ್ದರೆ ಬ್ರೌಸರ್ ಪುಟ ತರುವುದಿಲ್ಲ, ಇದ್ದಲ್ಲೇ ಸರಿಯುತ್ತದೆ. ಅಲ್ಲಿ ರೀಲೋಡ್ ಕರೆಯಬೇಕು. ಐಫ್ರೇಮ್ ಪುಟದ ತೀರ ಕೆಳಗಿದ್ದು ಅದಕ್ಕೆ ‘ಲೋಡಿಂಗ್=ಲೇಜಿ’ ಇದ್ದರೆ, ಓದುಗ ಅದರ ಹತ್ತಿರ ಬರುವ ತನಕ ಅದು ಏಳುವುದಿಲ್ಲ. ಲೇಜಿ ತೆಗೆದು ನೋಡಿ.

ಲಕ್ಷಣ: ಬ್ಯಾಕ್ ಒತ್ತಿದರೆ ಅರ್ಧ ಮಾತ್ರ ಹಿಂದೆ ಹೋಗುತ್ತದೆ

ವಿಷಯ ಹಿಂದಿನದು, ಶೀರ್ಷಿಕೆ ಮುಂದಿನದು. ಇನ್ನೊಮ್ಮೆ ಬ್ಯಾಕ್ ಒತ್ತಿದಾಗ ಎರಡೂ ಸರಿಯಾಗುತ್ತವೆ. ಇದು ಬ್ರೌಸರಿನ ತಪ್ಪಲ್ಲ. ಎಲ್ಲ ಫ್ರೇಮ್‌ಗಳ ಓಡಾಟ ಒಂದೇ ಚರಿತ್ರೆಯಲ್ಲಿ ದಾಖಲಾಗುತ್ತದೆ, ನಿಮ್ಮ ಒಂದು ಕ್ಲಿಕ್ ಅಲ್ಲಿ ಎರಡು ಹೆಜ್ಜೆಯಾಗಿ ಕೂತಿದೆ.

ಎಲ್ಲರೂ ಹೇಳುವ ಮದ್ದು, ಶೀರ್ಷಿಕೆಯ ಫ್ರೇಮಿಗೆ ಲೊಕೇಶನ್.ರಿಪ್ಲೇಸ್ ಬಳಸಿ ಎಂಬುದು. ರಿಪ್ಲೇಸ್ ಚರಿತ್ರೆಯಲ್ಲಿ ಹೆಜ್ಜೆ ಮೂಡಿಸುವುದಿಲ್ಲ, ನಿಜ. ಆದರೆ ಅಷ್ಟೇ ಮಾಡಿ ನೋಡಿ: ಬ್ಯಾಕ್ ಒತ್ತಿದಾಗ ವಿಷಯ ಹಿಂದೆ ಹೋಗುತ್ತದೆ, ಶೀರ್ಷಿಕೆ ಶಾಶ್ವತವಾಗಿ ಮುಂದೆಯೇ ಉಳಿಯುತ್ತದೆ. ಮೊದಲು ಎರಡು ಸಲ ಒತ್ತಿದರಾದರೂ ಸರಿಹೋಗುತ್ತಿತ್ತು!

ಸರಿಯಾದ ಮದ್ದು ಆಲೋಚನೆಯನ್ನೇ ತಿರುಗಿಸುವುದು. ಕ್ಲಿಕ್ ಎರಡು ಫ್ರೇಮನ್ನು ಬದಲಿಸಬಾರದು. ಕ್ಲಿಕ್ ವಿಷಯದ ಫ್ರೇಮನ್ನು ಮಾತ್ರ ಬದಲಿಸಲಿ. ಹೊಸ ವಿಷಯ ಬಂದು ಕೂತ ಮೇಲೆ ಆ ಪುಟವೇ ಮುಖಪುಟಕ್ಕೆ ‘ನಾನು ಇಂಥವನು, ಬಂದಿದ್ದೇನೆ’ ಎಂದು ಹೇಳಲಿ. ಮುಖಪುಟ ಅದಕ್ಕೆ ತಕ್ಕ ಶೀರ್ಷಿಕೆಯನ್ನು ರಿಪ್ಲೇಸ್ ಮೂಲಕ ಹಾಕಲಿ. ಈಗ ವಿಷಯ ಮೆನುವಿನಿಂದ ಬಂದರೂ, ಬ್ಯಾಕ್‌ನಿಂದ ಬಂದರೂ, ವಿಷಯದೊಳಗಿನ ಇನ್ನೊಂದು ಲಿಂಕಿನಿಂದ ಬಂದರೂ ಶೀರ್ಷಿಕೆ ಹಿಂದೆಯೇ ಬರುತ್ತದೆ. ಹೇಳುವ ಕೆಲಸವನ್ನು ಲೋಡ್ ಬದಲು ಪೇಜ್‌ಶೋ ಘಟನೆಗೆ ಕಟ್ಟಿ. ಬ್ರೌಸರ್ ಪುಟವನ್ನು ನೆನಪಿನಿಂದ ಎತ್ತಿ ತಂದಾಗಲೂ ಪೇಜ್‌ಶೋ ಆಗುತ್ತದೆ, ಲೋಡ್ ಆಗುವುದಿಲ್ಲ.

ಲಕ್ಷಣ: ಒಮ್ಮೆ ಆಗುತ್ತದೆ, ಒಮ್ಮೆ ಆಗುವುದಿಲ್ಲ

ಓಟದ ಪಂದ್ಯ. ಎರಡು ಫ್ರೇಮ್ ಒಟ್ಟಿಗೆ ಹೊರಟರೂ ಒಟ್ಟಿಗೆ ಮುಟ್ಟುವುದಿಲ್ಲ. ಒಂದನೆಯದು ಎರಡನೆಯದರೊಳಗಿನ ಏನನ್ನೋ ಬದಲಿಸಲು ಹೋದಾಗ ಅಲ್ಲಿ ಇನ್ನೂ ಖಾಲಿ ಪುಟವಿರುತ್ತದೆ. ನೀವು ಖಾಲಿ ಪುಟಕ್ಕೆ ಬರೆದದ್ದನ್ನು ಆಮೇಲೆ ಬಂದ ನಿಜವಾದ ಪುಟ ಅಳಿಸಿಹಾಕುತ್ತದೆ. ನೆಟ್‌ವರ್ಕ್ ಟ್ಯಾಬಿನಲ್ಲಿ ವೇಗವನ್ನು ಬೇಕೆಂದೇ ಇಳಿಸಿ ನೋಡಿ. ಪ್ರತಿ ಸಲವೂ ತಪ್ಪತೊಡಗಿದರೆ ರೋಗ ಇದೇ. ಎರಡೂ ಫ್ರೇಮ್‌ಗಳ ಲೋಡ್ ಆದ ಮೇಲೆ ಕೆಲಸ ಶುರು ಮಾಡಿ. ಸೆಟ್‌ಟೈಮ್‌ಔಟ್ ಹಾಕಿ ‘ಎರಡು ಸೆಕೆಂಡು ಕಾಯೋಣ’ ಎನ್ನುವುದು ನಿಮ್ಮ ಕಂಪ್ಯೂಟರಿಗೆ ಮಾತ್ರ ಮದ್ದು. ಒಂದು ಎಚ್ಚರಿಕೆ: ಐಫ್ರೇಮ್‌ನಲ್ಲಿ ದೋಷದ ಪುಟ ಬಂದರೂ ಲೋಡ್ ಘಟನೆ ನಡೆಯುತ್ತದೆ, ಆದ್ದರಿಂದ ಲೋಡ್ ಆಯಿತೆಂದರೆ ಸರಿಯಾದದ್ದೇ ಬಂತೆಂದಲ್ಲ.

ಎರಡನೇ ಫ್ರೇಮ್ ತಪ್ಪುವುದಿಲ್ಲ, ಆದರೆ ಮೊದಲನೆಯದು ಮುಗಿಯುವ ತನಕ ಕಾಯುತ್ತದೆ ಎಂದಾದರೆ ಸರ್ವರ್ ಕಡೆ ನೋಡಿ. ಸರ್ವರಿನಲ್ಲಿ ಓಡುವ ಪಿಎಚ್‌ಪಿ ಭಾಷೆಯ ಸಾಮಾನ್ಯ ಸೆಷನ್‌ಗಳು (ಒಬ್ಬ ಬಳಕೆದಾರನ ನೆನಪಿನ ದಾಖಲೆ) ಫೈಲಿಗೆ ಬೀಗ ಹಾಕುತ್ತವೆ. ಒಬ್ಬನೇ ಬಳಕೆದಾರನ ಎರಡು ಕೋರಿಕೆ ಬಂದರೆ ಎರಡನೆಯದು ಸರದಿಯಲ್ಲಿ ನಿಲ್ಲುತ್ತದೆ. ಸೆಷನ್ನಿನಿಂದ ಬೇಕಾದ್ದನ್ನು ಓದಿ, ಬರೆದಾದ ಕೂಡಲೇ ಸೆಷನ್_ರೈಟ್_ಕ್ಲೋಸ್ ಕರೆದರೆ ಬೀಗ ಬಿಡುತ್ತದೆ.

ಲಕ್ಷಣ: ಒಂದು ಕಡೆ ಸರಿ, ಇನ್ನೊಂದು ಕಡೆ ‘ಬ್ಲಾಕ್ಡ್ ಎ ಫ್ರೇಮ್’ ಎಂಬ ಕೆಂಪು ಸಾಲು

ಸ್ಕೀಮ್, ಹೋಸ್ಟ್, ಪೋರ್ಟ್ ಮೂರೂ ಒಂದೇ ಆಗಿದ್ದರೆ ಮಾತ್ರ ಒಂದು ಫ್ರೇಮ್ ಇನ್ನೊಂದರ ಒಳಗೆ ಕೈ ಹಾಕಬಹುದು. ಫೈಲನ್ನು ಡಿಸ್ಕಿನಿಂದ ನೇರ ತೆರೆದರೆ ಕ್ರೋಮ್ ಮತ್ತು ಈಗಿನ ಫೈರ್‌ಫಾಕ್ಸ್ ಪ್ರತಿ ಫೈಲನ್ನೂ ಪರಕೀಯವೆಂದೇ ಎಣಿಸುತ್ತವೆ. ಸಂದೇಶದಲ್ಲಿ ‘ನಲ್’ ಎಂಬ ಮೂಲ ಕಂಡರೆ ಇದೇ ಕಾರಣ ಎಂದುಕೊಳ್ಳಿ. ಫೋಲ್ಡರಿನಲ್ಲೇ ಸಣ್ಣ ಸರ್ವರ್ ಹಚ್ಚಿ (ಪೈಥಾನ್ ಇದ್ದರೆ ಅದರಲ್ಲೇ ಎಚ್‌ಟಿಟಿಪಿ.ಸರ್ವರ್ ಇದೆ, 8000ನೇ ಪೋರ್ಟಿನಲ್ಲಿ ಏಳುತ್ತದೆ) ಅದರ ಮೂಲಕ ತೆರೆಯಿರಿ. ಒಂದು ಫ್ರೇಮ್ ಲೋಕಲ್‌ಹೋಸ್ಟ್ ಎಂದೂ ಇನ್ನೊಂದು 127.0.0.1 ಎಂದೂ ಇದ್ದರೆ ಅವೂ ಬ್ರೌಸರಿಗೆ ಬೇರೆ ಬೇರೆ ಮನೆಯವರೇ.

ನಿಜಕ್ಕೂ ಬೇರೆ ತಾಣದ ಫ್ರೇಮ್ ಆಗಿದ್ದರೆ ಅದರ ವಿಳಾಸವನ್ನು ಮುಖಪುಟ ಬದಲಿಸಬಹುದು, ಓದಲಾಗದು. ಮಾತುಕತೆ ಬೇಕಿದ್ದರೆ ಪೋಸ್ಟ್‌ಮೆಸೇಜ್ ಬಳಸಿ. ಕಳಿಸುವಾಗ ಗುರಿಯ ಜಾಗದಲ್ಲಿ ನಕ್ಷತ್ರ ಹಾಕಬೇಡಿ, ಫ್ರೇಮಿನಲ್ಲಿ ಯಾರು ಕೂತಿದ್ದರೂ ಅವರಿಗೆ ಸಂದೇಶ ಸಿಗುತ್ತದೆ. ಪಡೆಯುವಾಗ ಈವೆಂಟ್.ಒರಿಜಿನ್ ಪರೀಕ್ಷಿಸದೆ ಏನನ್ನೂ ನಂಬಬೇಡಿ. ಸಂದೇಶ ಹಾಕಿದ ಮೇಲೆ ಫ್ರೇಮ್‌ಗಳು ನಿಲ್ಲದೆ ಮಿನುಗತೊಡಗಿದರೆ, ಅದು ಇದಕ್ಕೆ ಹೇಳುತ್ತಿದೆ, ಇದು ತಿರುಗಿ ಅದಕ್ಕೆ ಹೇಳುತ್ತಿದೆ. ಈಗ ತೋರಿಸುತ್ತಿರುವುದನ್ನೇ ಮತ್ತೆ ಕೇಳಿದರೆ ಸುಮ್ಮನಿರುವಂತೆ ಮುಖಪುಟದಲ್ಲಿ ಒಂದು ಪರೀಕ್ಷೆ ಹಾಕಿ.

ಲಕ್ಷಣ: ಫ್ರೇಮಿನಲ್ಲಿ ಬೂದು ಪುಟ, ‘ಸಂಪರ್ಕ ನಿರಾಕರಿಸಿದೆ’ ಎಂಬ ಮಾತು, ಅಥವಾ ಮತ್ತೆ ಮತ್ತೆ ಲಾಗಿನ್ ಪುಟ

ಇಲ್ಲಿ ನಿಮ್ಮ ಕೋಡಿನ ಕೆಲಸ ಮುಗಿಯಿತು. ಆ ತಾಣ ‘ಎಕ್ಸ್-ಫ್ರೇಮ್-ಆಪ್ಷನ್ಸ್’ ಹೆಡರನ್ನೋ, ‘ಕಂಟೆಂಟ್-ಸೆಕ್ಯೂರಿಟಿ-ಪಾಲಿಸಿ’ ಹೆಡರಿನೊಳಗೆ ‘ಫ್ರೇಮ್-ಆನ್ಸೆಸ್ಟರ್ಸ್’ ಸೂಚನೆಯನ್ನೋ ಕಳಿಸಿ, ನನ್ನನ್ನು ಬೇರೆಯವರ ಫ್ರೇಮಿನಲ್ಲಿ ಕೂರಿಸಬೇಡಿ ಎಂದಿದೆ. ಕಾಣದ ಫ್ರೇಮಿನ ಮೇಲೆ ಕ್ಲಿಕ್ ಮಾಡಿಸಿ ಮೋಸ ಮಾಡುವವರನ್ನು ತಡೆಯಲು ಇರುವ ಬೇಲಿ ಅದು. ಹಾರಲು ದಾರಿ ಹುಡುಕಬೇಡಿ, ಹೆಡರ್ ಅಳಿಸುವ ಬ್ರೌಸರ್ ಎಕ್ಸ್‌ಟೆನ್ಷನ್ ಹಾಕಿಕೊಳ್ಳಬೇಡಿ. ನಿಮ್ಮ ಯಂತ್ರದ ಕಾವಲನ್ನು ನೀವೇ ಕಿತ್ತಂತೆ. ಎಚ್‌ಟಿಟಿಪಿಎಸ್ ಮುಖಪುಟದಲ್ಲಿ ಬರಿಯ ಎಚ್‌ಟಿಟಿಪಿ ಫ್ರೇಮ್ ಇದ್ದರೂ ಬ್ರೌಸರ್ ತಡೆಯುತ್ತದೆ, ಅದನ್ನು ಮಾತ್ರ ವಿಳಾಸ ತಿದ್ದಿ ನೀವೇ ಸರಿಪಡಿಸಬಹುದು.

ಬೇರೆ ತಾಣದ ಫ್ರೇಮ್ ಪ್ರತಿ ಸಲವೂ ಲಾಗಿನ್ ಕೇಳಿದರೆ ಅದರ ಕುಕಿ ಹೋಗುತ್ತಿಲ್ಲ. ಬೇರೆ ತಾಣದ ಫ್ರೇಮಿನಲ್ಲಿ ಕುಕಿ ಹೋಗಬೇಕೇ ಎಂದು ಹೇಳುವ ‘ಸೇಮ್‌ಸೈಟ್’ ಹೊಂದಾಣಿಕೆ ಆ ಸರ್ವರ್ ನೋಡಿಕೊಳ್ಳುವವರ ಕೈಯಲ್ಲಿದೆ. ಸ್ಯಾಂಡ್‌ಬಾಕ್ಸ್ (ಒಳಗಿನ ಪುಟದ ಕೈ ಕಟ್ಟುವ ನಿರ್ಬಂಧ) ಹಾಕಿದ ಐಫ್ರೇಮ್ ನಿಮ್ಮದೇ ತಾಣದ್ದಾಗಿದ್ದರೆ, ‘ಅಲೌ-ಸ್ಕ್ರಿಪ್ಟ್ಸ್’ ಮತ್ತು ‘ಅಲೌ-ಸೇಮ್-ಒರಿಜಿನ್’ ಎರಡನ್ನೂ ಒಟ್ಟಿಗೆ ಕೊಡಬೇಡಿ. ಒಳಗಿನ ಸ್ಕ್ರಿಪ್ಟ್ ಸ್ಯಾಂಡ್‌ಬಾಕ್ಸನ್ನೇ ತೆಗೆದುಹಾಕಬಲ್ಲದು.

ಸರ್ವರಿನವರ ಹತ್ತಿರ ಹೋಗುವಾಗ ‘ಫ್ರೇಮ್ ಬರುತ್ತಿಲ್ಲ’ ಎಂದಷ್ಟೇ ಹೇಳಿದರೆ ಅವರು ‘ನಮ್ಮಲ್ಲಿ ಬರುತ್ತಿದೆ’ ಎನ್ನುತ್ತಾರೆ. ಕೆಂಪು ಸಾಲನ್ನು ಪೂರ್ತಿ ನಕಲಿಸಿ, ಮುಖಪುಟದ ಮತ್ತು ಫ್ರೇಮಿನ ಪೂರ್ಣ ವಿಳಾಸಗಳನ್ನು ಬರೆದು, ನೆಟ್‌ವರ್ಕ್ ಟ್ಯಾಬಿನಲ್ಲಿ ಆ ಕೋರಿಕೆಯ ಮೇಲೆ ಒತ್ತಿದರೆ ಕಾಣುವ ಉತ್ತರದ ಹೆಡರ್‌ಗಳನ್ನೂ ಜೊತೆಗಿಡಿ. ಕುಕಿಯ ಸಾಲು ಮತ್ತು ಲಾಗಿನ್ ಟೋಕನ್ನನ್ನು ಅಳಿಸಿಯೇ ಕಳಿಸಿ.